ಎಡ ನಳಿಗೆಯ ಟಿಕ್

ಊರಿನವರ ಬಾಯಲ್ಲಿ ಅವನ ಹೆಸರು ಟಿಕ್‌ಟಿಕ್. ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದುಕೊಂಡಿತ್ತು. ಯಾರಾದರೂ ಆ ಹೆಸರು ಹಿಡಿದು ಕೂಗಿದರೆ, ಪಾಪ, ಇನ್ಯಾರನ್ನೋ ಕರೆಯುತ್ತಿದ್ದಾರೆ ಎಂದು ಅವನೇ ಹಿಂದೆ ತಿರುಗಿ ನೋಡುತ್ತಿದ್ದ. ಊರಿಗೆಲ್ಲ ನೀರು ಕುಡಿಸುವ ಪಂಪ್‌ಹೌಸಿನ ಗೇಟಿನಲ್ಲಿ, ಹೆಗಲಿಗೆ ಜೋಡುನಳಿಗೆಯ ಕೋವಿ ತಗುಲಿಸಿಕೊಂಡು ಇಪ್ಪತ್ತನಾಲ್ಕು ವರ್ಷದಿಂದ ನಿಂತಿದ್ದವನು ಅವನು.

ನೀರಿಗೆ ಕೋವಿ ಯಾಕೆ ಎಂದು ಕೇಳಬಾರದು. ಅವನ ಮಾವನ ಕಾಲದಲ್ಲಿ, ಟ್ಯಾಂಕಿಗೆ ಯಾರೋ ವಿಷ ಹಾಕುತ್ತಾರಂತೆ ಎಂದು ಗಾಳಿಸುದ್ದಿ ಎದ್ದಿತ್ತು. ಸುದ್ದಿ ಒಂದೇ ವಾರದಲ್ಲಿ ಸತ್ತಿತು, ಅದರ ಹೆಸರಿನಲ್ಲಿ ಮಂಜೂರಾದ ಕೋವಿ ಮಾತ್ರ ಬದುಕಿಕೊಂಡಿತು. ಕಾಗದದಲ್ಲಿ ಆ ಹುದ್ದೆಯ ಹೆಸರು ‘ಕೋವಿಸಹಿತ ಕಾವಲುಗಾರ’. ಕೋವಿ ಇದ್ದರೆ ಕಾವಲುಗಾರ, ಕಾವಲುಗಾರ ಇದ್ದರೆ ಗೇಟಿನ ಪಕ್ಕದ ಎರಡು ಕೋಣೆಯ ಮನೆ. ಕೋವಿ ಕೆಟ್ಟಿದೆ ಎಂದು ಯಾರಾದರೂ ಬರೆದ ದಿನ ಮೂರೂ ಒಟ್ಟಿಗೆ ಹೋಗುವಂಥ ವ್ಯವಸ್ಥೆ.

ಆ ಕೋವಿಯೋ, ಪಂಪ್‌ಹೌಸಿಗಿಂತ ವಯಸ್ಸಿನಲ್ಲಿ ಹಿರಿಯದು. ನಳಿಗೆಯ ಮೇಲೆ ಕೆತ್ತಿದ್ದ ಕಂಪನಿಯ ಹೆಸರು ಒರೆಸಿ ಒರೆಸಿ ಸವೆದು ಎರಡಕ್ಷರ ಉಳಿದಿತ್ತು. ಮಾವ ನಿವೃತ್ತನಾಗುವ ವರ್ಷ ಮಗಳನ್ನೂ ಕೋವಿಯನ್ನೂ ಅಳಿಯನಿಗೆ ಒಪ್ಪಿಸಿದ್ದ. ರಸೀದಿ ಬರೆಸಿಕೊಂಡದ್ದು ಕೋವಿಗೆ ಮಾತ್ರ. ಹೆಂಡತಿ ಇದನ್ನು ಇನ್ನೂ ಮರೆತಿರಲಿಲ್ಲ. ಕೋವಿಯನ್ನು ಅವಳು ಸವತಿ ಎಂದೇ ಕರೆಯುತ್ತಿದ್ದಳು. ಸವತಿಗೆ ವಾರಕ್ಕೆರಡು ಸಲ ಎಣ್ಣೆ ತಿಕ್ಕುವ ಗಂಡಸು ತನ್ನ ಮೊಣಕಾಲಿಗೆ ಒಂದು ದಿನವಾದರೂ ತಿಕ್ಕಿದ್ದುಂಟೇ ಎಂದು ಮನೆಗೆ ಬಂದವರ ಮುಂದೆಲ್ಲ ಹೇಳುತ್ತಿದ್ದಳು.

ಟಿಕ್‌ಟಿಕ್ ಎಂಬ ಹೆಸರು ಬಂದದ್ದು ಹೀಗೆ. ಮಾವನ ಕಾಲದಲ್ಲಿದ್ದ ಒಬ್ಬ ಎಂಜಿನಿಯರು ಕೆಲಸಕ್ಕೆ ಬಂದ ಹೊಸತರಲ್ಲಿ, ಆರು ತಿಂಗಳು ಯಾರೂ ತಿರುಗಿಸದಿದ್ದ ದೊಡ್ಡ ವಾಲ್ವೊಂದು ತುಕ್ಕು ಹಿಡಿದು ಕಚ್ಚಿಕೊಂಡಿತು. ಊರಿಗೆ ಮೂರು ದಿನ ಹನಿ ನೀರಿಲ್ಲ. ಹೆಂಗಸರು ಖಾಲಿ ಕೊಡ ಹಿಡಿದು ಬಂದು ಎಂಜಿನಿಯರರಿಗೆ ಮಂಗಳಾರತಿ ಎತ್ತಿದರು. ಅಂದಿನಿಂದ ಅವರ ಆಜ್ಞೆಯಾಯಿತು: ಪಂಪ್‌ಹೌಸಿನಲ್ಲಿ ಅಲ್ಲಾಡುವ ವಸ್ತು ಯಾವುದೇ ಇರಲಿ, ದಿನಕ್ಕೊಮ್ಮೆ ಅಲ್ಲಾಡಿಸಬೇಕು. ವಾಲ್ವು, ಗೇಟು, ಕಿಟಕಿಯ ಚಿಲಕ, ಪಟ್ಟಿಯ ಕೊನೆಯಲ್ಲಿ ಕೋವಿ. ಬೆಳಗ್ಗೆ ಎಂಟು ಗಂಟೆಗೆ ಕಾವಲುಗಾರ ಎಂಜಿನಿಯರರ ಮೇಜಿನ ಮುಂದೆ ನಿಂತು, ಕೋವಿ ಮಡಚಿ ಖಾಲಿ ಇದೆಯೆಂದು ತೋರಿಸಿ, ಮತ್ತೆ ಮುಚ್ಚಿ ಎರಡು ಟ್ರಿಗರನ್ನೂ ಒಂದಾದ ಮೇಲೊಂದು ಎಳೆಯಬೇಕು. ಬಲಗಡೆ ಟಿಕ್, ಎಡಗಡೆ ಟಿಕ್. ರಿಜಿಸ್ಟರಿನಲ್ಲಿ ‘ಬಲ: ಸರಿ, ಎಡ: ಸರಿ’ ಎಂದು ಬರೆದು ಎಂಜಿನಿಯರು ಸಹಿ ಹಾಕಬೇಕು. ಆಜ್ಞೆ ಕೊಟ್ಟವರು ಈಗ ಮುಖ್ಯ ಕಚೇರಿಯಲ್ಲಿ ಎಲ್ಲರಿಗಿಂತ ಮೇಲಿನ ಕುರ್ಚಿಯಲ್ಲಿದ್ದರು. ಅವರ ನಂತರ ಈಗಿನವರೂ ಸೇರಿ ಆರು ಜನ ಎಂಜಿನಿಯರರು ಬಂದರು. ಟಿಕ್ ಮಾತ್ರ ಒಂದು ದಿನವೂ ತಪ್ಪಲಿಲ್ಲ.

ಇದರಲ್ಲಿ ನಮ್ಮವನಿಗೆ ವಿಪರೀತ ಹೆಮ್ಮೆ. ಜ್ವರ ಬಂದ ದಿನವೂ ಕಂಬಳಿ ಹೊದ್ದು ಬಂದು ಟಿಕ್ ಮಾಡಿ ಹೋಗಿ ಮಲಗಿದವನು. ಈಗಿನ ಎಂಜಿನಿಯರರಿಗೆ ಜೀವಮಾನವಿಡೀ ಪಂಪಿನ ಪಕ್ಕದಲ್ಲಿ ಕಳೆದು ಕಿವಿ ಸ್ವಲ್ಪ ಮಂದ. ಎಡಗಡೆಯ ಟಿಕ್ ಮೊದಲಿನಿಂದಲೂ ಸಣ್ಣ ದನಿಯದು. ಅವರು ಪತ್ರಿಕೆಯಿಂದ ತಲೆ ಎತ್ತದೆ, ಎಡಗಡೆದು ಕೇಳಿಸಲಿಲ್ಲ, ಇನ್ನೊಂದು ಸಲ ಎನ್ನುವರು. ಅವನು ಇನ್ನೊಂದು ಸಲ ಎಳೆಯುವನು. ಕೆಲವು ದಿನ ನಾಲ್ಕು ಸಲವೂ ಆಗುತ್ತಿತ್ತು.

ಇಷ್ಟೆಲ್ಲ ಆಗಿ, ಇಪ್ಪತ್ತನಾಲ್ಕು ವರ್ಷದಲ್ಲಿ ಅವನು ಒಂದೇ ಒಂದು ಗುಂಡು ಹಾರಿಸಿರಲಿಲ್ಲ. ತೋಟಾಗಳು ಕಬ್ಬಿಣದ ಬೀರುವಿನಲ್ಲಿ, ಬೀರುವಿನ ಬೀಗದಕೈ ಹೆಡ್‌ಕ್ಲರ್ಕಿನ ಸೊಂಟದಲ್ಲಿ. ಟ್ಯಾಂಕಿಗೆ ವಿಷ ಹಾಕಲು ಯಾರಾದರೂ ಬಂದರೆ, ಸ್ವಲ್ಪ ಇರಪ್ಪಾ ಎಂದು ಅವನನ್ನು ಕೂರಿಸಿ, ಅರ್ಜಿ ಬರೆದು, ಹೆಡ್‌ಕ್ಲರ್ಕಿನ ಷರಾ ಹಾಕಿಸಿ, ಆಮೇಲೆ ತೋಟಾ ತರಬೇಕಿತ್ತು.

ಆ ವರ್ಷ ತಪಾಸಣೆಗೆ ಬಂದವರು ಬೀರು ತೆಗೆಸಿದರು. ರಟ್ಟಿನ ತೋಟಾಗಳು ಪಂಪ್‌ಹೌಸಿನ ತೇವಕ್ಕೆ ನೆನೆಹಾಕಿದ ಕಡಲೆಯಂತೆ ಊದಿಕೊಂಡಿದ್ದವು. ಒಂದೂ ನಳಿಗೆಯೊಳಕ್ಕೆ ಹೋಗಲಿಲ್ಲ. ಹೊಸ ತೋಟಾ ಕೊಳ್ಳಿ, ಆದರೆ ಇಷ್ಟು ಹಳೆಯ ಕೋವಿಗೆ ಯಾವ ತಯಾರಿಕೆಯ ತೋಟಾ ನಂಬಬಹುದು ಎಂದು ಪರೀಕ್ಷೆ ಮಾಡಿ ಆಮೇಲೆ ಕೊಳ್ಳಿ ಎಂದು ಬರೆದು ಹೋದರು. ಎಂಜಿನಿಯರು, ಹೆಡ್‌ಕ್ಲರ್ಕು ಇಬ್ಬರೂ ಸೇರಿ ಸಮಿತಿಯಾದರು. ಕೋವಿ ಹಿಡಿಯುವವನು ಬೇಕಲ್ಲ, ಅದಕ್ಕೆ ಟಿಕ್‌ಟಿಕ್.

ಎರಡು ಕಡೆಯಿಂದ ಇಪ್ಪತ್ತಿಪ್ಪತ್ತು ತೋಟಾ ಮಾದರಿಗೆ ಬಂದವು. ಕೆಂಪು ತೋಟಾ ಒಂದು ದೊಡ್ಡ ಕಾರ್ಖಾನೆಯದು. ಅದರ ಜೊತೆ ಎಂಜಿನಿಯರರಿಗೊಂದು ಕ್ಯಾಲೆಂಡರು, ಹೆಡ್‌ಕ್ಲರ್ಕಿಗೊಂದು ಪೆನ್ನು. ನೀಲಿ ತೋಟಾ ಊರಿನದೇ. ಹಳೇ ಪೇಟೆಯ ಸಂದಿಯಲ್ಲಿ ಕೋವಿ ರಿಪೇರಿಯ ಅಂಗಡಿ ಇಟ್ಟಿದ್ದ ಹೆಂಗಸು, ಎಲ್ಲರೂ ಕೋವಿಯಕ್ಕ ಎನ್ನುತ್ತಿದ್ದವಳು, ಕೈಯಾರೆ ಮದ್ದು ತುಂಬಿ ಮಾಡಿದವು. ಗಂಡ ಹೋದ ಮೇಲೆ ಅವಳು ಕಬ್ಬಿಣ ಉಜ್ಜುವ ಅರಗಳ ಜೊತೆ, ಎಣ್ಣೆಯ ವಾಸನೆಯ ಜೊತೆ ಒಬ್ಬಳೇ ಹೆಣಗಿ ಅಂಗಡಿ ಉಳಿಸಿಕೊಂಡವಳು. ತೋಟಾ ತುಂಬುವ ಅವಳ ಪರವಾನಗಿ ಅದೇ ತಿಂಗಳು ನವೀಕರಣಕ್ಕೆ ಹೋಗಬೇಕಿತ್ತು. ಅವಳು ತೋಟಾಗಳನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ ಕಳಿಸಿದ್ದಳು. ಪೆನ್ನು ಗಿನ್ನು ಇರಲಿಲ್ಲ.

ಪರೀಕ್ಷೆಗೆ ಫಿಲ್ಟರ್ ಹೌಸಿನ ಹಿಂದೆ, ಮರಳು ಒಣಹಾಕುವ ಅಂಗಳ ಗೊತ್ತಾಯಿತು. ಎದುರಿಗೆ ಮರಳಿನ ಮೂಟೆಗಳ ಗೋಡೆ. ಎರಡು ಬಣ್ಣದ ತೋಟಾ ಕಂಡ ಹೆಡ್‌ಕ್ಲರ್ಕಿಗೆ ಮೊದಲೇ ಭಯವಾಯಿತು. ನೀರಿನ ಇಲಾಖೆಯಲ್ಲಿ ಬೆಳೆದವರು ಅವರು. ಅಲ್ಲಿ ಶೋಧಿಸದ ನೀರಿನ ಕೊಳವೆಗೆ ಕೆಂಪು ಬಣ್ಣ, ಶೋಧಿಸಿದ ನೀರಿನ ಕೊಳವೆಗೆ ನೀಲಿ. ಒಂದರ ನೀರು ಇನ್ನೊಂದಕ್ಕೆ ಹೋದರೆ ಊರಿಗೇ ವಾಂತಿಭೇದಿ, ನೌಕರಿಗೂ ಸಂಚಕಾರ. ಅದಕ್ಕೇ ಅವರು ನಮೂನೆಯಲ್ಲಿ ಗೆರೆ ಎಳೆದು ಸ್ಪಷ್ಟವಾಗಿ ಬರೆದರು: ಕೆಂಪು ತೋಟಾಕ್ಕೆ ಬಲ ನಳಿಗೆ, ನೀಲಿ ತೋಟಾಕ್ಕೆ ಎಡ ನಳಿಗೆ, ಬೆರಕೆ ಮಾಡತಕ್ಕದ್ದಲ್ಲ. ಎಂಜಿನಿಯರು ಓದಿ, ಇಂಥ ಅಚ್ಚುಕಟ್ಟು ಮುಖ್ಯ ಕಚೇರಿಯಲ್ಲೂ ಇಲ್ಲ ಎಂದು ಮೆಚ್ಚಿದರು.

ಹೆಡ್‌ಕ್ಲರ್ಕು ಕಿವಿಗೆ ಹತ್ತಿ ತುರುಕಿಕೊಂಡರು. ಎಂಜಿನಿಯರರಿಗೆ ಅದರ ಅಗತ್ಯವಿರಲಿಲ್ಲ. ಟಿಕ್‌ಟಿಕ್ ಬಲಗಡೆಗೆ ಕೆಂಪು, ಎಡಗಡೆಗೆ ನೀಲಿ ತುಂಬಿ, ಮಾವ ತೋರಿಸಿದ್ದಂತೆ ಹಿಡಿಯನ್ನು ಭುಜಕ್ಕೆ ಅದುಮಿ ಬಲ ಟ್ರಿಗರ್ ಎಳೆದ. ಅಂಗಳವೆಲ್ಲ ನಡುಗಿತು. ಮೂಟೆಯಿಂದ ಮರಳು ಸುರಿಯಿತು. ಭುಜಕ್ಕೆ ಕತ್ತೆ ಒದ್ದಂತಾದರೂ ಅವನಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಐವತ್ತರ ಹತ್ತಿರ ಬಂದ ಗಂಡಸು ಮೊದಲ ಗುಂಡು ಹೊಡೆದು ಮದುಮಗನ ಹಾಗೆ ನಾಚಿದ. ಖಾಲಿಯಾದ ಆ ಮೊದಲ ಕೆಂಪು ತೋಟಾವನ್ನು ಹೆಂಡತಿಗೆ ತೋರಿಸಲೆಂದು ಜೇಬಿಗೆ ಹಾಕಿಕೊಂಡ.

ಆಮೇಲೆ ಎಡ ಟ್ರಿಗರ್ ಎಳೆದ. ಟಿಕ್.

ಅರ್ಧ ನಿಮಿಷ ಕಾದು, ಮಡಚಿ, ನೀಲಿ ತೋಟಾ ತೆಗೆದು ಇನ್ನೊಂದು ಹಾಕಿ ಎಳೆದ. ಮತ್ತೆ ಟಿಕ್. ಹತ್ತು ಸಲ ತುಂಬಿದರು. ಹತ್ತು ಕೆಂಪೂ ಹಾರಿದವು, ಹತ್ತು ನೀಲಿಯೂ ಹಂದಾಡಲಿಲ್ಲ. ಹೆಡ್‌ಕ್ಲರ್ಕು ಹೊಸ ಪೆನ್ನಿನಲ್ಲಿ ಗುರುತು ಹಾಕಿ, ಮನೆಯಲ್ಲಿ ಕೂತು ಹೆಂಗಸರು ತುಂಬಿದ ತೋಟಾ ಇನ್ನು ಹೇಗಿರುತ್ತೆ ಎಂದರು. ಕರಡು ವರದಿ ಮಧ್ಯಾಹ್ನವೇ ಸಿದ್ಧವಾಯಿತು. ನೀಲಿ ತೋಟಾ ಪೂರಾ ಅಪಾತ್ರ, ಇದರ ಪ್ರತಿಯನ್ನು ಪರವಾನಗಿ ಕಚೇರಿಗೂ ಕಳಿಸತಕ್ಕದ್ದು. ಸಹಿ ಮರುದಿನ ಬೆಳಗ್ಗೆ. ಹಾರದ ಹತ್ತನ್ನು ಮಾಲೀಕಳಿಗೆ ವಾಪಸು ಕೊಟ್ಟು ರಸೀದಿ ತರುವ ಕೆಲಸ ಟಿಕ್‌ಟಿಕ್‌ನ ತಲೆಗೆ ಬಂತು.

ಕೋವಿಯಕ್ಕ ಹತ್ತನ್ನೂ ಅಂಗಡಿಯ ಹಲಗೆಯ ಮೇಲೆ ಸಾಲಾಗಿ ನಿಲ್ಲಿಸಿ, ದಪ್ಪ ಗಾಜಿನ ಕನ್ನಡಕ ಹಾಕಿಕೊಂಡು ಒಂದೊಂದರ ಬುಡವನ್ನೂ ನೋಡಿದಳು. ಬುಡದ ನಡುವೆ ಗುಂಡಿಯಷ್ಟು ಅಗಲದ ತಾಮ್ರದ ಕ್ಯಾಪು ಇರುತ್ತದೆ. ಕೋವಿಯೊಳಗಿನ ಪಿನ್ನು ಅದಕ್ಕೆ ಗುದ್ದಿದರೆ ಕಿಡಿ, ಕಿಡಿ ಹತ್ತಿದರೆ ಗುಂಡು. ಹತ್ತರ ಮೇಲೂ ಹೇನು ಕಚ್ಚಿದಷ್ಟು ಗುರುತು ಮಾತ್ರ ಇತ್ತು. ಹಾರಿದ್ದು ಯಾವುದಾದರೂ ಇದೆಯೇ ಎಂದು ಅವಳು ಕೇಳಿದಳು. ಅವನು ನಾಚುತ್ತ ಜೇಬಿನಿಂದ ಕೆಂಪು ತೋಟಾ ತೆಗೆದುಕೊಟ್ಟ. ಅದರ ಕ್ಯಾಪಿನಲ್ಲಿ ಮೆಣಸಿನ ಕಾಳು ಕೂರುವಷ್ಟು ಆಳದ ಕುಳಿ ಬಿದ್ದಿತ್ತು.

ಅವಳು ಕೇಳುತ್ತ ಹೋದಳು, ಅವನು ಹೇಳುತ್ತ ಹೋದ. ಕೆಂಪು ಯಾವ ನಳಿಗೆಯಲ್ಲಿ? ಬಲ. ನೀಲಿ? ಎಡ. ಎಲ್ಲವೂ? ಎಲ್ಲವೂ, ಬೆರಕೆ ಮಾಡಬಾರದಲ್ಲ. ಕೋವಿಯನ್ನು ಹೇಗೆ ನೋಡಿಕೊಂಡಿದ್ದೀರಿ ಎಂದು ಕೇಳಿದಾಗ ಅವನ ಎದೆ ಉಬ್ಬಿತು. ಎಣ್ಣೆ, ಬಟ್ಟೆ, ಬೆಳಗಿನ ಟಿಕ್, ಜ್ವರದ ದಿನದ ಕಂಬಳಿ, ಒಂದನ್ನೂ ಬಿಡದೆ ವರ್ಣಿಸಿದ. ಕೋವಿಯಕ್ಕ ಕನ್ನಡಕ ತೆಗೆದು ಹಲಗೆಯ ಮೇಲಿಟ್ಟಳು.

“ದಿನಾ ಖಾಲಿ ಕೋವಿ ಎಳೀತಿದ್ರಾ?”

“ಒಂದ್ ದಿನಾನೂ ತಪ್ಪಿಸಿಲ್ಲ ಅಕ್ಕ.”

“ಒಳಗೆ ತೋಟಾ ಇದ್ರೆ ಪಿನ್ನಿನ ಪೆಟ್ಟು ಅದು ತಗೊಳ್ಳುತ್ತೆ. ಖಾಲಿ ಇದ್ರೆ ಆ ಪೆಟ್ಟು ಪಿನ್ನಿಗೇ ವಾಪಸ್. ಇಷ್ಟು ಹಳೇ ಕೋವಿ ಇಷ್ಟು ದಿನ ತಡ್ಕೊಂಡಿದ್ದೇ ಹೆಚ್ಚು. ನನ್ನ ತೋಟಾ ಕೆಟ್ಟಿಲ್ಲಪ್ಪ. ನಿಮ್ಮ ಎಡಗಡೆ ಪಿನ್ನು ಸವೆದು ಮೊಂಡಾಗಿದೆ.”

ಎಳೆಯುವುದನ್ನು ನಿಲ್ಲಿಸಿದರೆ ಬಲಗಡೆಯದು ಇನ್ನಷ್ಟು ವರ್ಷ ಬಂದೀತು ಎಂದೂ ಅವಳು ಹೇಳಿದಳು. ಅವನ ಕಿವಿಗೆ ಅದು ಸರಿಯಾಗಿ ಬೀಳಲಿಲ್ಲ. ಕದ್ದವನಲ್ಲ, ಕುಡಿದವನಲ್ಲ, ಒಂದು ದಿನ ತಡವಾಗಿ ಬಂದವನಲ್ಲ. ತನ್ನ ಬಾಳಿನಲ್ಲಿ ಹೇಳಿಕೊಳ್ಳುವಂಥದ್ದು ಎಂದು ಇದ್ದದ್ದು ಅದೊಂದು ಟಿಕ್, ಆ ಟಿಕ್ಕೇ ಕೋವಿಯನ್ನು ದಿನಕ್ಕಿಷ್ಟು ತಿಂದುಹಾಕಿತ್ತು. ಅಂಗಡಿಯ ಸ್ಟೂಲಿನ ಮೇಲೆ ಕೂತು ಅವನು ಎರಡು ಲೋಟ ನೀರು ಕುಡಿದ. ತಾನೇ ಕಾವಲು ಕಾದ ನೀರು.

ಕೋವಿಯಕ್ಕನಿಗೆ ತನ್ನ ಪಾಡೇನಾಗುತ್ತದೆ ಎಂದು ಗೊತ್ತಿತ್ತು. ಅವನ ಹುದ್ದೆಯ ಹೆಸರೂ, ಮನೆಯ ಕಥೆಯೂ ಗೊತ್ತಿತ್ತು. ನೀವು ಹೋಗಿ ಹೇಳಿ ಎಂದು ಅವಳು ಬೇಡಲಿಲ್ಲ. ರಸೀದಿಗೆ ಸಹಿ ಹಾಕಿ, ಶಾಯಿ ಆರಲೆಂದು ಊದಿ ಕೈಗೆ ಕೊಟ್ಟಳು.

ಮನೆಯಲ್ಲಿ ಅವನು ಸಂಜೆಯ ಊಟಕ್ಕೆ ಕೂತವನು ತಟ್ಟೆ ಮುಟ್ಟಲಿಲ್ಲ. ಹೆಂಡತಿ ಗದರಿಸಿ ಕೇಳಿದ ಮೇಲೆ ಎಲ್ಲ ಒದರಿದ. ಬಾಯಿ ಮುಚ್ಚಿಕೊಂಡಿದ್ದರೆ ಮನೆ ಉಳಿಯುತ್ತದೆ, ಕೋವಿಯಕ್ಕನ ಅಂಗಡಿ ಹೋಗುತ್ತದೆ. ಬಾಯಿ ಬಿಟ್ಟರೆ ಅಂಗಡಿ ಉಳಿಯುತ್ತದೆ, ನಾವಿಬ್ಬರೂ ಪಾತ್ರೆ ಹೊತ್ತು ಬೀದಿಗೆ. ಅವಳು ಸುಮ್ಮನಿರು ಎನ್ನುತ್ತಾಳೆ ಎಂದು ಅವನು ಒಳಗೊಳಗೇ ಆಸೆಪಟ್ಟಿದ್ದ. ತಪ್ಪು ತನ್ನದಾಗುವ ಬದಲು ಅವಳದಾದರೆ ಎಷ್ಟು ಹಗುರ.

“ನನ್ನ ಸವತಿಗೆ ಒಂದು ಕಡೆ ಪಾರ್ಶ್ವವಾಯು ಹೊಡೆದಿದೆ ಅಂತ ಇನ್ನೊಬ್ಬ ಹೆಂಗಸಿನ ಅನ್ನ ಕಿತ್ಕೊಳ್ತೀರಾ?” ಎಂದಳು ಅವಳು. “ಹೇಳಿ ಬನ್ನಿ. ಮನೆ ಹೋದ್ರೆ ಹೋಗ್ಲಿ, ಇದ್ರ ಸೂರು ಹೆಂಗೂ ಸೋರುತ್ತೆ.”

ಬೆಳಗ್ಗೆ ಎಂಟಕ್ಕೆ ಮೇಜಿನ ಮುಂದೆ ನಿಂತ ಅವನು ಟಿಕ್ ಮಾಡಲಿಲ್ಲ. ಕೆಟ್ಟಿರುವುದು ತೋಟಾ ಅಲ್ಲ ಸಾರ್, ಕೋವಿ ಎಂದ. ಎಂಜಿನಿಯರು, ಕೇಳಿಸಲಿಲ್ಲ, ಇನ್ನೊಂದು ಸಲ ಎಂದರು. ಅವನು ಗಟ್ಟಿಯಾಗಿ ಹೇಳಿದ. ಎಡಗಡೆ ಪಿನ್ನು ಸವೆದಿದೆ, ಸವೆಸಿದವನು ನಾನೇ, ದಿನಾ ಎಳೆದು ಎಳೆದು.

ಹೆಡ್‌ಕ್ಲರ್ಕು ಎದ್ದು ಹಳೆಯ ರಿಜಿಸ್ಟರುಗಳನ್ನು ಒಂದರ ಮೇಲೊಂದು ಮೇಜಿನ ಮೇಲೆ ಒಟ್ಟಿದರು. ಧೂಳು ಎದ್ದಿತು. ಎಡ: ಸರಿ, ಎಡ: ಸರಿ, ಎಡ: ಸರಿ. ಏಳು ಎಂಜಿನಿಯರರ ಸಹಿ, ಅದರಲ್ಲಿ ಮೊದಲಿನವರು ಮುಖ್ಯ ಕಚೇರಿಯ ದೊಡ್ಡ ಸಾಹೇಬರು. ಎಡ ಸರಿಯಿಲ್ಲ ಎಂದರೆ ಇಷ್ಟು ಜನ ಸುಳ್ಳು ಬರೆದರು ಎಂದ ಹಾಗಾಗುತ್ತದೆ, ಅದು ಸಾಧ್ಯವೇ ಎಂದು ಕೇಳಿದರು. ಸಾಧ್ಯ ಎಂದು ಹೇಳುವ ಧೈರ್ಯ ಆ ಕೋಣೆಯಲ್ಲಿ ಯಾರಿಗೂ ಇರಲಿಲ್ಲ.

ಟಿಕ್‌ಟಿಕ್ ಹಟ ಬಿಡಲಿಲ್ಲ. ಒಂದೇ ಒಂದು ಸಲ ಅದಲು ಬದಲು ಮಾಡಿ ನೋಡಿ ಸಾರ್, ನೀಲಿ ಬಲಕ್ಕೆ, ಕೆಂಪು ಎಡಕ್ಕೆ ಎಂದು ಅಂಗಲಾಚಿದ. ಹೆಡ್‌ಕ್ಲರ್ಕಿಗೆ ಮೈ ಜುಮ್ಮೆಂದಿತು, ಕೆಂಪು ಕೊಳವೆಗೆ ನೀಲಿ ಹಾಕುವುದೇ! ಕಡತ ಪೂರ್ತಿಯಾಗಲಿ ಎಂದು ಎಂಜಿನಿಯರು ಒಪ್ಪಿದರು. ಮತ್ತೆ ಮರಳಿನ ಅಂಗಳ, ಮತ್ತೆ ಹತ್ತಿ. ಬಲಗಡೆಯಿಂದ ಹತ್ತು ನೀಲಿಯೂ ಅಂಗಳ ನಡುಗಿಸಿ ಹಾರಿದವು. ಎಡಗಡೆಯಲ್ಲಿ ಹತ್ತು ಕೆಂಪೂ ಟಿಕ್ ಎಂದು ಕೂತವು. ಟಿಕ್‌ಟಿಕ್‌ನ ಭುಜ ಬಾತುಕೊಂಡಿತ್ತು. ಆದರೂ ಮುಖ ಅರಳಿತ್ತು. ಹಾಲು ಕುಡಿಯುವ ಮಗುವಿಗೂ ಈಗ ಅರ್ಥವಾಗಬೇಕು ಎಂದುಕೊಂಡ. ಮನೆ ಖಾಲಿ ಮಾಡಲು ಒಂದು ತಿಂಗಳಾದರೂ ಕೊಡುತ್ತಾರೇನೋ ಎಂದು ಆಗಲೇ ಲೆಕ್ಕ ಹಾಕುತ್ತಿದ್ದ.

ಹೆಡ್‌ಕ್ಲರ್ಕು ಕೂಡಿಸಿ ಭಾಗಿಸಿದರು. ಕೆಂಪು, ಇಪ್ಪತ್ತಕ್ಕೆ ಹತ್ತು. ನೀಲಿ, ಇಪ್ಪತ್ತಕ್ಕೆ ಹತ್ತು. ಎರಡೂ ನೂರಕ್ಕೆ ಐವತ್ತು. ಯಾವುದನ್ನು ಕೊಳ್ಳುವುದು? ಎಂಜಿನಿಯರು ಕಣ್ಣು ಮುಚ್ಚಿ ಯೋಚಿಸಿದರು. ಮೂವತ್ತು ವರ್ಷದ ಅನುಭವ ಅವರ ಕೈ ಬಿಡಲಿಲ್ಲ. ಒಂದು ಟ್ಯಾಂಕಿನಲ್ಲಿ ಔಷಧಿ ಹೆಚ್ಚಾಗಿ, ಇನ್ನೊಂದರಲ್ಲಿ ಕಡಿಮೆಯಾದಾಗ ನಾವೇನು ಮಾಡುತ್ತೇವೆ? ಎರಡನ್ನೂ ಬೆರೆಸಿ ಊರಿಗೆ ಬಿಡುತ್ತೇವೆ. ಇಲ್ಲೂ ಅದೇ. ಅರ್ಧ ಕೆಂಪು ಕೊಳ್ಳಿ, ಅರ್ಧ ನೀಲಿ ಕೊಳ್ಳಿ. ಕೋವಿಗೆ ಒಂದು ಅದು, ಒಂದು ಇದು. ಐವತ್ತಕ್ಕೆ ಐವತ್ತು ಸೇರಿದರೆ ನೂರಾಯಿತು.

ಇನ್ನು ಕೋವಿ. ಇಪ್ಪತ್ತು ಸಲ ತುಂಬಿದ್ದಾರೆ, ಇಪ್ಪತ್ತು ಸಲವೂ ಒಂದಲ್ಲ ಒಂದು ಗುಂಡು ಹಾರಿದೆ. ಕೋವಿ ನೂರಕ್ಕೆ ನೂರು ಎಂದು ಹೆಡ್‌ಕ್ಲರ್ಕು ಬರೆದರು. ಪಿನ್ನು ಎಂದು ಟಿಕ್‌ಟಿಕ್ ಮತ್ತೆ ಬಾಯಿ ತೆರೆದ. ಎಂಜಿನಿಯರು ಎದ್ದು ಬಂದು ಅವನ ಬಾತ ಭುಜದ ಮೇಲೆಯೇ ಕೈಯಿಟ್ಟು, ಇಷ್ಟು ಕಾಳಜಿಯ ಮನುಷ್ಯನನ್ನು ತಾವು ನೋಡಿಲ್ಲ ಎಂದರು. ಅವನ ಆತಂಕವನ್ನು ಗಮನಿಸಿ ವರದಿಗೆ ಕೊನೆಯ ಸಾಲೊಂದನ್ನು ಸ್ವತಃ ಸೇರಿಸಿದರು: ಇನ್ನು ಮುಂದೆ ಕೋವಿಯ ಪರೀಕ್ಷೆಯನ್ನು ಬೆಳಗ್ಗೆ ಎಂಟಕ್ಕೂ ಸಂಜೆ ಐದಕ್ಕೂ, ದಿನಕ್ಕೆ ಎರಡು ಬಾರಿ ಮಾಡತಕ್ಕದ್ದು.

ಕೋವಿಯಕ್ಕನ ಪರವಾನಗಿ ಉಳಿಯಿತು. ಅರ್ಧ ಖರೀದಿಯ ಆದೇಶ ಅವಳಿಗೂ ಸಿಕ್ಕಿತು. ನೀಲಿ ತೋಟಾದ ಕಟ್ಟು ತರಲು ಹೋದಾಗ ಅವಳು ಕಾಗದದಲ್ಲಿ ಮಡಿಸಿದ ಒಂದು ಸಣ್ಣ ಪೊಟ್ಟಣ ಕೊಟ್ಟಳು. ಒಳಗೆ ಹೊಸ ಪಿನ್ನು, ಅವಳೇ ಕೂತು ಅರ ಹಾಕಿ ಮಾಡಿದ್ದು. ಕೋವಿ ತಂದರೆ ಅರ್ಧ ಗಂಟೆಯ ಕೆಲಸ ಎಂದಳು. ಆದರೆ ಕೋವಿ ಗೇಟು ದಾಟಬೇಕಾದರೆ ಅದು ಕೆಟ್ಟಿದೆ ಎಂದು ಚೀಟಿ ಬೇಕು, ಅದು ಕೆಟ್ಟಿಲ್ಲ ಎಂದು ವರದಿಯಾಗಿ ಇನ್ನೂ ಶಾಯಿ ಆರಿರಲಿಲ್ಲ. ಪೊಟ್ಟಣ ಅವನ ಶರ್ಟಿನ ಜೇಬು ಸೇರಿತು. ಬಲಗಡೆಯದನ್ನಾದರೂ ಉಳಿಸಿಕೊಳ್ಳಿ ಎಂದು ಅವಳು ಹಿಂದಿನಿಂದ ಹೇಳಿದ್ದು ಈ ಸಲ ಕಿವಿಗೆ ಸರಿಯಾಗಿ ಬಿತ್ತು.

ಆ ಭಾನುವಾರ ಹೆಂಡತಿ ಅಡುಗೆಮನೆಯಿಂದ ಮೂರು ಸಲ ಇಣುಕಿ ನೋಡಿದಳು. ಗಂಡ ಗೋಡೆಗೆ ಮುಖ ಮಾಡಿ ನಿಂತು, ನಾಲಗೆಯನ್ನು ಅಂಗುಳಕ್ಕೆ ಅಂಟಿಸಿ ಬಿಡುತ್ತಿದ್ದ. ಮೊದಮೊದಲು ಹಲ್ಲಿ ಲೊಚಗುಟ್ಟಿದಂತಿತ್ತು. ತುಸು ಒಣದಾಗಿರಲಿ, ಕಬ್ಬಿಣದ ಸದ್ದು ಬರಲಿ ಎಂದು ಅವಳೇ ಹೇಳಿಕೊಟ್ಟಳು.

ಸೋಮವಾರ ಬೆಳಗ್ಗೆ ಎಂಟು. ಅವನು ಕೋವಿ ಮಡಚಿ ತೋರಿಸಿ, ಮುಚ್ಚಿ, ಬೆರಳನ್ನು ಟ್ರಿಗರಿನ ಹೊರಗಿನ ಬಳೆಯ ಮೇಲಿಟ್ಟ. ಬಾಯಲ್ಲಿ ಬಲಗಡೆ ಟಿಕ್ ಎಂದಿತು. ಎಡಗಡೆ ಟಿಕ್ ಎಂದಿತು, ಹಿಂದೆಂದೂ ಇಲ್ಲದಷ್ಟು ಗಟ್ಟಿಯಾಗಿ. ಇಪ್ಪತ್ತನಾಲ್ಕು ವರ್ಷ ಪ್ರಾಮಾಣಿಕವಾಗಿ ಕೊಂದ ಕೋವಿಯನ್ನು ಮೊದಲ ಸಲ ಮೋಸ ಮಾಡಿ ಕಾಯುತ್ತಿದ್ದ.

ಎಂಜಿನಿಯರು ಪತ್ರಿಕೆಯಿಂದ ತಲೆ ಎತ್ತಿದರು.

“ಎಡಗಡೆದು ಈಗ ಚೆನ್ನಾಗಿ ಕೇಳಿಸ್ತಿದೆ,” ಎಂದರು. “ನೋಡಿದ್ರಾ, ಎರಡು ಸಲ ಮಾಡೋಕೆ ಶುರು ಮಾಡಿದ ಮೇಲೆ ಹೆಂಗೆ ಸಡಿಲ ಆಯ್ತು.”

ರಿಜಿಸ್ಟರಿನಲ್ಲಿ ‘ಬಲ: ಸರಿ, ಎಡ: ಸುಧಾರಿಸಿದೆ’ ಎಂದು ಬರೆದು ಸಹಿ ಹಾಕಿದರು. ಟಿಕ್‌ಟಿಕ್ ಕೋವಿಯನ್ನು ಹೆಗಲಿಗೇರಿಸಿ ಹೊರಗೆ ಬಂದ. ಸಂಜೆ ಐದಕ್ಕೆ ಮತ್ತೆ ಇತ್ತು. ಅಷ್ಟು ಹೊತ್ತಿಗೆ ನಾಲಗೆ ಒಣಗಬಾರದೆಂದು ಅಂಗಳದ ನಲ್ಲಿಯಲ್ಲಿ ಒಂದು ಲೋಟ ನೀರು ಹಿಡಿದು ಕುಡಿದು, ಗೇಟಿಗೆ ಹೋಗಿ ನಿಂತ.